ಏಳಲೊಲ್ಲದ ಬೀಜ, ಅರ್ಧ ಗಡ್ಡದ ಜಗಳ

ಬೀಜ ಹಾಕ್ತೀವಿ, ನೀರು ಹಾಕ್ತೀವಿ, ದಿನಾ ಬಗ್ಗಿ ನೋಡ್ತೀವಿ. ಮೊಳಕೆ ಮಾತ್ರ ಬರಲ್ಲ. ಆಗ ಏನ್ಮಾಡ್ತೀವಿ? ಬೀಜ ಕೊಟ್ಟವನನ್ನ ಬೈತೀವಿ. ಬಸ್ ನಿಲ್ದಾಣದ ಎದುರಿನ ಕ್ಷೌರಿಕ ಮಾಡಿದ್ದೂ ಅದನ್ನೇ.

ಅವನ ಅಂಗಡಿಯಲ್ಲಿ ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಹೊರಗೆ ಒಂದು ಬೆಂಚು. ಮಧ್ಯಾಹ್ನ ಆಯ್ತು ಅಂದ್ರೆ ಆ ಬೆಂಚು ಕಾದ ಹೆಂಚು. ಕೂತ ಗಿರಾಕಿ ಚುರ್ ಅಂತ ಎದ್ದು, ನೆರಳಿರೋ ಎದುರುಸಾಲಿನ ಅಂಗಡಿಗೆ ಹೋಗಿ ತಲೆ ಕೊಡ್ತಿದ್ದ.

"ಬಾಗಿಲಲ್ಲಿ ಒಂದು ಮರ ಇದ್ದಿದ್ರೆ ಇವರೆಲ್ಲ ಯಾಕೆ ಹೋಗ್ತಿದ್ರು?" ಅಂದಳು ಹೆಂಡತಿ.

ಅವಳ ತಮ್ಮನದೇ ಬೀಜದ ಅಂಗಡಿ. ಕೆಂಪು ಹೂ ಬಿಡೋ ನೆರಳಿನ ಮರದ ಇಪ್ಪತ್ತು ಬೀಜ ಪೊಟ್ಟಣ ಕಟ್ಟಿ ಕೊಟ್ಟ. "ಛತ್ರಿ ಥರ ಹರಡುತ್ತೆ ಭಾವ, ನೋಡ್ತಿರಿ" ಅಂದ.

ಭಾವ ನೋಡಿದ. ಹಳೇ ತಗಡಿನ ಡಬ್ಬಕ್ಕೆ ಮಣ್ಣು ತುಂಬಿ, ಬೀಜ ಊರಿ, ತಲೆಗೆ ನೀರು ಚಿಮುಕಿಸೋ ಬಾಟಲಿಯಿಂದಲೇ ದಿನಾ ಎರಡು ಹೊತ್ತು ನೀರು ಚಿಮುಕಿಸಿದ. ವಾರ ಆಯ್ತು, ಎರಡು ವಾರ ಆಯ್ತು. ಇಪ್ಪತ್ತೈದನೇ ದಿನ ಡಬ್ಬದಲ್ಲಿ ಒಂದು ಅಣಬೆ ಎದ್ದಿತು. ಅಷ್ಟೇ.

ಅದೇ ದಿನ ಭಾಮೈದ ಗಡ್ಡ ಹೆರೆಸಿಕೊಳ್ಳೋಕೆ ಬಂದ. ಬಲಗೆನ್ನೆ ಮುಗಿದಿತ್ತು. ಬೆಂಚಿನ ಮೇಲಿದ್ದವನೊಬ್ಬ ಸುಮ್ಮನಿರಲಾರದೆ, "ಏನಪ್ಪಾ, ನಿನ್ನ ಮರದ ನೆರಳು ಜಾಸ್ತಿ ಆಗಿ ಚಳಿ ಆಗ್ತಿದೆ!" ಅಂದ. ಎಲ್ಲರೂ ಗೊಳ್ ಅಂತ ನಕ್ಕರು. ಕ್ಷೌರಿಕನ ಕೈ ನಿಂತಿತು.

"ಸತ್ತ ಬೀಜ ಕೊಟ್ಟೆಯಲ್ಲೋ ನನಗೆ?"

"ಭಾವ, ಮೊದಲು ಆ ಕತ್ತಿ ಕೆಳಗಿಡಿ. ಆಮೇಲೆ ಮಾತಾಡೋಣ."

"ಒಡಹುಟ್ಟಿದ ಅಕ್ಕನ ಮನೆಗೇ ಟೋಪಿ ಹಾಕ್ತೀಯಾ?"

"ಬೀಜ ಚೆನ್ನಾಗೇ ಇದೆ. ನಿಮ್ಮ ಕೈಗುಣ ಸರಿಯಿಲ್ಲ!"

ಯಾರಿಗೆ ಬೇಕಾದ್ರೂ ಆ ಮಾತು ಹೇಳಬಹುದು, ಕತ್ತರಿ ಹಿಡಿದು ಬದುಕೋನಿಗೆ ಹೇಳಬಾರದು. ಕ್ಷೌರಿಕ ಕೊರಳಿನ ಬಟ್ಟೆ ಸರಕ್ಕನೆ ಎಳೆದ. "ಏಳು! ನಡಿ ಆಚೆ!"

ಬಲಗೆನ್ನೆ ನುಣ್ಣಗೆ, ಎಡಗೆನ್ನೆ ತುಂಬ ನೊರೆ, ಹಾಗೇ ಬೀದಿಗಿಳಿದ ಭಾಮೈದ. ಅವನೇನು ಕಮ್ಮಿ ಹಟಮಾರಿಯಲ್ಲ. "ಭಾವ ತಪ್ಪಾಯ್ತು ಅನ್ನೋವರೆಗೂ ಈ ಕೆನ್ನೆ ಹೀಗೇ ಇರುತ್ತೆ" ಅಂತ ಸಾರಿ, ಮುಖ ತೊಳೆದು ಅಂಗಡಿಯಲ್ಲಿ ಕೂತ. ಬೀಜಕ್ಕೆ ಬಂದವರು ಅವನನ್ನ ಒಂದು ಕಡೆಯಿಂದ ನೋಡಿದ್ರೆ ನಮಸ್ಕಾರ ಅಂತಿದ್ರು, ಇನ್ನೊಂದು ಕಡೆಯಿಂದ ನೋಡಿದ್ರೆ ಹೆದರ್ತಿದ್ರು.

ಮಧ್ಯೆ ಸಿಕ್ಕಿದ್ದು ಹೆಂಡತಿ. ಗಂಡ ತಮ್ಮನ ಹೆಸರೆತ್ತಿದ್ರೆ ಊಟ ಬಿಟ್ಟು ಏಳ್ತಾನೆ, ತಮ್ಮ ಅಕ್ಕನ ಮನೆ ಹೊಸ್ತಿಲು ತುಳಿಯಲ್ಲ. "ನನ್ನ ಪಾಡು ಅಡಕತ್ತರಿಯಲ್ಲಿ ಸಿಕ್ಕ ಹಾಗಾಯ್ತು" ಅಂತ ತನ್ನ ಮಹಿಳಾ ಸಂಘದ ಗೆಳತಿಯ ಹತ್ತಿರ ಅತ್ತುಕೊಂಡಳು. ಆ ಗೆಳತಿ ಸಸಿ ಬೆಳೆಸೋ ನರ್ಸರಿಯಲ್ಲಿ ಹನ್ನೆರಡು ವರ್ಷದಿಂದ ಕೆಲಸ ಮಾಡೋಳು. ಎಲ್ಲರಿಗೂ ಅವಳು ನರ್ಸರಿ ಅಕ್ಕ.

ನರ್ಸರಿ ಅಕ್ಕ ಬಂದವಳೇ ಡಬ್ಬದ ಮಣ್ಣು ಕೆದಕಿದಳು. ಬೀಜಗಳು ಹಾಕಿದ ಹಾಗೇ ಗಟ್ಟಿಯಾಗಿ, ಹೊಳೀತಾ ಹೊರಬಂದವು.

"ನೋಡಿದ್ರಾ? ಕಲ್ಲು! ನನಗೆ ಕಲ್ಲು ಕೊಟ್ಟಿದ್ದಾನೆ!" ಅಂದ ಕ್ಷೌರಿಕ.

"ಅಣ್ಣಾ, ಸತ್ತ ಬೀಜ ಆಗಿದ್ರೆ ಇಷ್ಟು ದಿನ ಒದ್ದೆ ಮಣ್ಣಲ್ಲಿ ಕೊಳೆತು ಮೆತ್ತಗಾಗಬೇಕಿತ್ತು. ಇದು ಸತ್ತಿಲ್ಲ, ಮಲಗಿದೆ."

"ಹಗಲೆಲ್ಲ ಮಲಗೋಕೆ ಅದಕ್ಕೇನು ರಾತ್ರಿ ಪಾಳಿನಾ?"

"ಸಿಪ್ಪೆ ಅಷ್ಟು ಗಟ್ಟಿ. ನೀರು ಒಳಗೇ ಹೋಗಿಲ್ಲ. ನೀವು ಇಷ್ಟು ದಿನ ಬೀಗ ಹಾಕಿದ ಬಾಗಿಲಿಗೆ ನೀರು ಹೊಡೆದಿದ್ದೀರಿ."

"ಎಂಥಾ ಸೋಮಾರಿ ಬೀಜ ಅಕ್ಕಾ ಇದು!"

"ಸೋಮಾರಿ ಅಲ್ಲ, ಜಾಣ. ಅಕಾಲದಲ್ಲಿ ಒಂದು ಮಳೆ ಬಂತು ಅಂತ ಎಲ್ಲ ಬೀಜ ಒಟ್ಟಿಗೇ ಎದ್ದುಬಿಟ್ರೆ? ಮುಂದಿನ ವಾರದ ಬಿಸಿಲಿಗೆ ಎಲ್ಲ ಕಮರಿ ವಂಶವೇ ನಿರ್ವಂಶ. ಅದಕ್ಕೇ ಸಿಪ್ಪೆ ತಾನಾಗಿ ಸವೆಯೋವರೆಗೂ ಕಾಯುತ್ತೆ."

"ಅಲ್ಲೀವರೆಗೂ ನಾನು ಕಾದ್ರೆ ಗಿರಾಕಿಗಳ ತಲೇಲಿ ಕೂದಲೇ ಇರಲ್ಲ."

"ಕಾಯೋದು ಬೇಡ. ಕತ್ತಿ ಮಸೆಯೋ ಕಲ್ಲು ಕೊಡಿ."

ಬೀಜ ಕಾಯಿಗೆ ಅಂಟಿಕೊಂಡಿದ್ದ ತುದಿ ಬಿಟ್ಟು, ಪಕ್ಕದಲ್ಲಿ ಮೆಲ್ಲಗೆ ಉಜ್ಜಿದಳು. ಕಂದು ಸಿಪ್ಪೆ ಸವೆದು ಒಳಗಿನ ತಿಳಿಬಣ್ಣ ಇಣುಕಿತು. "ಇಷ್ಟಕ್ಕೇ ನಿಲ್ಲಿಸಬೇಕು. ಇನ್ನೂ ಉಜ್ಜಿದ್ರೆ ಒಳಗಿನ ತಿರುಳಿಗೆ ಗಾಯ. ಹತ್ತು ಬೀಜ ಉಜ್ಜಿ, ಹತ್ತು ಹಾಗೇ ಬಿಡಿ. ಎರಡನ್ನೂ ಬೇರೆ ಬೇರೆ ಲೋಟದಲ್ಲಿ ರಾತ್ರಿಯೆಲ್ಲ ನೆನೆಹಾಕಿ. ನನ್ನ ಮಾತು ನಂಬಬೇಡಿ, ನಿಮ್ಮ ಕಣ್ಣು ನಂಬಿ."

ಕ್ಷೌರಿಕ ಕೂತು ಉಜ್ಜತೊಡಗಿದ. "ನನ್ನ ಸರದಿ ಯಾವಾಗ?" ಅಂದ ಕುರ್ಚಿಯಲ್ಲಿದ್ದ ಗಿರಾಕಿ. "ತಡೀರಿ, ಇನ್ನೂ ಆರು ಜನಕ್ಕೆ ಗಡ್ಡ ಹೆರೀಬೇಕು" ಅಂದ, ಉಳಿದ ಬೀಜಗಳಿಂದ ತಲೆ ಎತ್ತದೆ.

ಬೆಳಗ್ಗೆ ನೋಡಿದ್ರೆ ಉಜ್ಜಿದ್ದರಲ್ಲಿ ಎಂಟು ಬೀಜ ಉಬ್ಬಿ ದಪ್ಪಗಾಗಿದ್ದವು. ಉಬ್ಬದ ಎರಡನ್ನ ಮತ್ತೆ ಉಜ್ಜಿದ. ಇನ್ನೊಂದು ಲೋಟದ ಹತ್ತೂ ಇದ್ದ ಹಾಗೇ ಇದ್ದವು.

"ಈಗ ಹೇಳಿ," ಅಂದಳು ಹೆಂಡತಿ, "ಸತ್ತಿದ್ದು ಬೀಜನಾ, ನಿಮ್ಮ ತಾಳ್ಮೆನಾ?"

ಉಬ್ಬಿದ ಬೀಜ ಊರಿದ. ಒಂಬತ್ತನೇ ದಿನ ಮಣ್ಣು ಬಿರಿದು, ಬಾಗಿದ ಕುತ್ತಿಗೆಯ ಒಂದು ಹಸಿರು ಮೊಳಕೆ ಎದ್ದಿತ್ತು. ಕ್ಷೌರಿಕ ಕೈಯಲ್ಲಿದ್ದ ಬಾಚಣಿಗೆ ಸಮೇತ ಬೀಜದ ಅಂಗಡಿಗೆ ಓಡಿದ.

ಭಾಮೈದನ ಮುಖದಲ್ಲಿ ಈಗ ಒಂದು ಕಡೆ ಕುರುಚಲು, ಇನ್ನೊಂದು ಕಡೆ ಕಾಡು.

"ತಪ್ಪಾಯ್ತು ಕಣೋ. ಬಾ, ಆ ಕೆನ್ನೆ ಮುಗಿಸೋಣ."

ಭಾಮೈದನ ಕಣ್ಣು ಒದ್ದೆಯಾಯ್ತು. "ತಪ್ಪು ನಂದೂ ಇದೆ ಭಾವ. ಬೀಜ ಕೊಟ್ಟೆ, ಎಬ್ಬಿಸೋದು ಹೇಗೆ ಅಂತ ಹೇಳಲಿಲ್ಲ. ನಿಜ ಹೇಳಬೇಕಂದ್ರೆ ನನಗೇ ಗೊತ್ತಿರಲಿಲ್ಲ."

ಆ ಸಂಜೆ ಗಂಡ, ಹೆಂಡತಿ, ತಮ್ಮ ಮೂವರೂ ನರ್ಸರಿ ಅಕ್ಕನ ಮನೆಗೆ ಹೋದರು. ಕ್ಷೌರಿಕನಿಗೆ ಎಷ್ಟು ಹುರುಪು ಅಂದ್ರೆ ಜೇಬಲ್ಲಿ ಟೊಮೆಟೊ ಬೀಜ, ಕೈಯಲ್ಲಿ ಮಸೆಯೋ ಕಲ್ಲು.

"ಅಯ್ಯೋ ಅಣ್ಣಾ! ಅದರ ಸಿಪ್ಪೆ ತೆಳು. ಉಜ್ಜಿದ್ರೆ ಹಿಟ್ಟಾಗುತ್ತೆ!" ಅಂತ ಅಕ್ಕ ಕಲ್ಲು ಕಿತ್ತುಕೊಂಡಳು. "ಒಂದೊಂದು ಬೀಜದ ನಿದ್ದೆ ಒಂದೊಂದು ಥರ. ಈಗಷ್ಟೇ ಕಿತ್ತ ಕೆಲವು ಜಾತಿಯ ಕಡಲೆಕಾಯಿಯನ್ನ ಆಗಲೇ ಬಿತ್ತಿದ್ರೆ ಏಳಲ್ಲ, ಕೆಲವು ವಾರ ಒಣ ಜಾಗದಲ್ಲಿ ಸುಧಾರಿಸಿಕೊಳ್ಳಬೇಕು. ಕೆಲವು ಸಣ್ಣ ಬೀಜಕ್ಕೆ ಬೆಳಕು ಬೇಕು. ಆಳಕ್ಕೆ ಹೂತರೆ ಅಲ್ಲೇ ಮಲಗಿರುತ್ತೆ."

ಮರುದಿನದಿಂದ ಭಾಮೈದ ಪ್ರತಿ ಪೊಟ್ಟಣದ ಮೇಲೂ ಅದನ್ನ ಎಬ್ಬಿಸೋ ಬಗೆ ಬರೆದೇ ಕೊಡತೊಡಗಿದ.

ಈಗ ನಿಮ್ಮ ಸರದಿ. ಬೀಜ ಕೊಳ್ಳುವಾಗ ಯಾವಾಗ ಕಿತ್ತಿದ್ದು, ಹೇಗೆ ಬಿತ್ತಬೇಕು ಅಂತ ಕೇಳಿ. ಕೇಳೋಕೆ ನಾಚಿಕೆ ಬೇಡ. ಬಿತ್ತೋ ಮೊದಲು ಹತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಒಣಗದ ಹಾಗೆ ಒಂದೆರಡು ವಾರ ನೋಡಿ. ಎಷ್ಟು ಮೊಳೀತು ಅಂತ ಅವೇ ಹೇಳ್ತವೆ. ಏಳದೇ ಇದ್ದ ಬೀಜ ಇನ್ನೂ ಗಟ್ಟಿಯಾಗಿದ್ರೆ ಎಸೀಬೇಡಿ, ಬೈಬೇಡಿ. ಬಲ್ಲವರನ್ನ ಕೇಳಿ, ಮೆಲ್ಲಗೆ ಎಬ್ಬಿಸಿ. ನಾಳೆ ನಿಮ್ಮ ಬಾಗಿಲಲ್ಲಿ ಬೀಳಬೇಕಾದ ನೆರಳು ಇವತ್ತು ಆ ಸಿಪ್ಪೆಯೊಳಗೆ ಮಲಗಿರಬಹುದು.