ಮೂವತ್ತು ದಿನದೊಳಗೆ ಉಚಿತ

ಅಕ್ಕನ ತಮ್ಮನಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅವನಿಗೆ ಆರು ವರ್ಷವಾಗುವ ಹೊತ್ತಿಗೆ ಅಪ್ಪ ಅವನನ್ನು ‘ತಕರಾರು’ ಎಂದು ಕರೆಯತೊಡಗಿದ್ದರು, ಅದೇ ನಿಂತುಹೋಯಿತು. ಸ್ನಾನ ಮಾಡು ಎಂದರೆ ಬೇಡ ಎನ್ನುವವನು, ಸರಿ ಮಾಡಬೇಡ ಎಂದರೆ ಯಾಕೆ ಮಾಡಬಾರದು ಎಂದು ಜಗಳಕ್ಕೆ ನಿಲ್ಲುತ್ತಿದ್ದ. ದೊಡ್ಡವನಾದ ಮೇಲೆ ಒಂದು ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಊರವರ ತಪ್ಪು ಹುಡುಕಿದ್ದಕ್ಕೆ ತಿಂಗಳಿಗೊಮ್ಮೆ ಸಂಬಳವನ್ನೂ ಕೊಡುತ್ತಾರೆಂದರೆ ಅವನಿಗೆ ಅದಕ್ಕಿಂತ ಸುಖ ಇನ್ನೇನಿದ್ದೀತು? ಇಪ್ಪತ್ತೆರಡು ವರ್ಷ ಕೆಂಪು ಪೆನ್ನು ಹಿಡಿದು ರಾಜನ ಹಾಗೆ ಬಾಳಿದ. ಆಮೇಲೆ ಒಂದು ದಿನ ಪೆನ್ನು ಬೆರಳಿಂದ ಜಾರಿತು, ಮಾರನೆಯ ದಿನವೂ ಜಾರಿತು.

ನರಗಳ ಕಾಯಿಲೆ. ಮೊದಲು ಕೈ ಹೋಯಿತು, ಆಮೇಲೆ ಕಾಲು, ನಾಲ್ಕನೆಯ ವರ್ಷ ನಾಲಿಗೆ. ತಲೆಯೊಂದು ಮಾತ್ರ ಮೊದಲಿನಷ್ಟೇ ಚುರುಕಾಗಿ ಉಳಿಯಿತು. ದೇವರಿಗೆ ಕರುಣೆ ಇದ್ದಿದ್ದರೆ ಅದನ್ನಾದರೂ ಸ್ವಲ್ಪ ಮಂಕು ಮಾಡುತ್ತಿದ್ದ ಎಂದು ಅಕ್ಕ ಒಮ್ಮೊಮ್ಮೆ ಅಂದುಕೊಂಡದ್ದುಂಟು, ಅಂದುಕೊಂಡ ಮರುಕ್ಷಣ ಕೆನ್ನೆ ಬಡಿದುಕೊಂಡದ್ದೂ ಉಂಟು. ಅವಳಿಗೆ ಗಂಡ ಇಲ್ಲ, ಮಕ್ಕಳಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಆಸ್ಪತ್ರೆಗಳಿಗೆ ದಿಂಬಿನ ಕವರು ಹೊಲಿಯುತ್ತಿದ್ದಳು. ಒಳಕೋಣೆಯಲ್ಲಿ ತಮ್ಮ.

ಅವನಿಗೆ ಮಾತು ಮರಳಿ ಕೊಟ್ಟವರು ಎದುರುಮನೆಯ ರೇಡಿಯೋ ಮಾಮ. ರೇಡಿಯೋ ರಿಪೇರಿಯ ಕಾಲ ಮುಗಿದ ಮೇಲೆ ವಯಸ್ಸಾದ ಕಾಲಕ್ಕೆ ಕಂಪ್ಯೂಟರ್ ಕಲಿತ ಮನುಷ್ಯ. ತಕರಾರಿನ ಎಡಗೈ ಹೆಬ್ಬೆರಳಲ್ಲಿ ಇನ್ನೂ ಒಂದಿಷ್ಟು ಜೀವ ಇರುವುದನ್ನು ಕಂಡು, ಅದರ ಅಡಿಗೆ ಒಂದು ಗುಂಡಿ ಕೂರಿಸಿದರು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತಾ ಹೋಗುತ್ತವೆ, ಬೇಕಾದ ಅಕ್ಷರ ಬಂದಾಗ ಗುಂಡಿ ಒತ್ತಬೇಕು, ಕೊನೆಗೆ ಯಂತ್ರ ಅದನ್ನು ಓದಿ ಹೇಳುತ್ತದೆ. ಅದಕ್ಕೆ ಬೇಕಾದ ಪ್ರೋಗ್ರಾಂ ಅನ್ನು ಮಾಮ ತಾವೇ ಬರೆದರು. ಹೆಬ್ಬೆರಳು ಎಷ್ಟು ನಿಧಾನವೋ ಅಕ್ಷರವೂ ಅಷ್ಟೇ ಹೊತ್ತು ಕಾಯುವ ಹಾಗೆ ವಾರಗಟ್ಟಲೆ ಕೂತು ಹೊಂದಿಸಿದರು. ಮತ್ತೆ ಮತ್ತೆ ಬೇಕಾಗುವ ವಾಕ್ಯಗಳನ್ನು ಕೂಡಿಡುವುದಕ್ಕೆ ಒಂದು ಪಟ್ಟಿಯನ್ನೂ ಮಾಡಿಕೊಟ್ಟರು.

ಐದು ವರ್ಷದಲ್ಲಿ ತಕರಾರು ಆ ಪಟ್ಟಿಯಲ್ಲಿ ಒಂಬೈನೂರು ವಾಕ್ಯ ಕೂಡಿಟ್ಟ. ಅದರಲ್ಲಿ ಎಂಟುನೂರು ಬೈಗುಳವೇ ಇರಬೇಕು. ಅಕ್ಕ ಮುಂದಿನ ಕೋಣೆಯಲ್ಲಿ ಯಂತ್ರ ತುಳಿಯುತ್ತಿದ್ದರೆ ಒಳಗಿಂದ ತಗಡಿನ ದನಿ ಕೇಳುತ್ತಿತ್ತು.

“ಆ ಟಿವಿ ಆರಿಸು, ಇಲ್ಲಾಂದ್ರೆ ನನ್ನೇ ಆರಿಸಿಬಿಡು.”

“ಬಾಯಿ ಮುಚ್ಕೊಂಡು ಮಲಕ್ಕೋ,” ಎಂದು ಅಕ್ಕ ಇಲ್ಲಿಂದಲೇ ಕೂಗುತ್ತಿದ್ದಳು.

“ಬಾಯಿ ಮುಚ್ಚೇ ಇದೆ. ಬಂದು ನೋಡು.”

ಹೀಗೆ ಅಕ್ಕತಮ್ಮಂದಿರ ಸಂಸಾರ ಸಾಗಿತ್ತು. ಅವನ ‘ಬೇಡ’ವನ್ನು ಅಕ್ಕ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಗಾಲಿಕುರ್ಚಿ ಬೇಡ ಎಂದಿದ್ದ, ತಂದಳು, ಕೂತ. ಗಡ್ಡ ಬೋಳಿಸುವುದು ಬೇಡ ಎಂದಿದ್ದ, ಬೋಳಿಸಿದಳು, ಸುಮ್ಮನಾದ. ಇವನ ಬೇಡ ಎಂದರೆ ಬೇಕು ಎಂದೇ ಅರ್ಥ ಎಂದು ಅವಳು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ದಳು.

ರೇಡಿಯೋ ಮಾಮ ತೀರಿಕೊಂಡ ಮರುವರ್ಷ ಕಂಪ್ಯೂಟರ್ ಕೈಕೊಡತೊಡಗಿತು. ಒಂದು ಬೆಳಿಗ್ಗೆ ವಾಕ್ಯದ ನಡುವೆಯೇ ಪರದೆ ಕಪ್ಪಾಯಿತು. ರಿಪೇರಿಗೆ ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನ ತಮ್ಮನ ಕಣ್ಣುಗಳನ್ನು ನೋಡಿದವಳಿಗೆ ಇನ್ನೊಮ್ಮೆ ಅದನ್ನು ನೋಡುವ ಧೈರ್ಯ ಇರಲಿಲ್ಲ. ಹೊಸದನ್ನೇ ತರುತ್ತೇನೆಂದು ಹೊರಟಳು. ಅಂಗಡಿಯವನು ಮಾಮನ ಪ್ರೋಗ್ರಾಂ, ಒಂಬೈನೂರು ವಾಕ್ಯ ಎಲ್ಲವನ್ನೂ ಹಳೆಯದರಿಂದ ಹೊಸದಕ್ಕೆ ಸಾಗಿಸಿ, ಓಡಿಸಿ ತೋರಿಸಿ, ಹಳೆಯ ಪೆಟ್ಟಿಗೆಯನ್ನು ವಿನಿಮಯಕ್ಕೆ ಇಟ್ಟುಕೊಂಡ. ಹೊರಡುವಾಗ ಅವಳ ಕೈಗೆ ಒಂದು ಚೀಟಿ ಕೊಟ್ಟ.

“ಇದರಲ್ಲಿರೋ ಆಪರೇಟಿಂಗ್ ಸಿಸ್ಟಂ ಇನ್ನೇನು ಹಳೇದಾಗುತ್ತೆ ಅಮ್ಮ. ಮುಂದಿನ ತಿಂಗಳು ಹೊಸದು ಬರ್ತಿದೆ. ಈಗ ತಗೊಂಡೋರಿಗೆ ಅದು ಉಚಿತ. ಡಿಸ್ಕು ಮನೆಗೇ ಬರುತ್ತೆ, ಬಂದ ಮೂವತ್ತು ದಿನದೊಳಗೆ ಹಾಕ್ಕೋಬೇಕು ಅಷ್ಟೆ.”

“ಸಿಸ್ಟಂ ಅಂದ್ರೆ?”

“ಕಂಪ್ಯೂಟರಿನ ಒಳಗಿರೋ ಯಜಮಾನ ಅಂತ ಇಟ್ಕೊಳ್ಳಿ. ಉಳಿದೋರೆಲ್ಲ ಅವನು ಹೇಳಿದ ಹಾಗೆ ಕುಣೀಬೇಕು.”

“ಹಾಕ್ಕೊಳ್ದಿದ್ರೆ?”

“ನಡೆಯುತ್ತೆ. ಆದ್ರೆ ಆಮೇಲೆ ಅದನ್ನ ನೋಡ್ಕೊಳ್ಳೋರು ಯಾರೂ ಇರಲ್ಲ. ಕೆಟ್ಟು ನಿಂತ್ರೆ ನಮ್ಮನ್ನ ಕೇಳಬೇಡಿ.”

ಕೆಟ್ಟು ನಿಂತರೆ ಎಂಬ ಮಾತು ಅಕ್ಕನ ಹೊಟ್ಟೆಯೊಳಗೆ ಕೂತಿತು. ಅದೂ ಅಲ್ಲದೆ ಉಚಿತವಾಗಿ ಸಿಕ್ಕಿದ್ದನ್ನು ಬಿಟ್ಟ ಜಾಯಮಾನ ಅವಳದಲ್ಲ. ಅಂಗಡಿಯ ಚೀಲಗಳನ್ನು ಮಡಿಸಿ ಮಡಿಸಿ ಇಟ್ಟು ಒಂದು ಬೀರುವನ್ನೇ ತುಂಬಿಸಿದ್ದವಳು. ಡಿಸ್ಕು ಅಂಚೆಯಲ್ಲಿ ಬಂದ ದಿನ ತಮ್ಮನಿಗೆ ತೋರಿಸಿದಳು.

ಹೆಬ್ಬೆರಳು ಎರಡೇ ಅಕ್ಷರಕ್ಕೆ ಕೆಲಸ ಮುಗಿಸಿತು. “ಬೇಡ.”

“ಯಾಕೋ? ದುಡ್ಡು ಕೊಡಬೇಕಾಗಿಲ್ಲ.”

“ಈಗ ಚೆನ್ನಾಗಿದೆ. ಮುಟ್ಟಬೇಡ.”

“ನಿನ್ನದು ಯಾವಾಗಲೂ ಇದೇ ರಾಗ,” ಎಂದು ಅಕ್ಕ ಡಿಸ್ಕನ್ನು ಬೀರುವಿನ ಮೇಲಿಟ್ಟಳು.

ಇಪ್ಪತ್ತೆಂಟನೆಯ ದಿನದ ತನಕ ತಡೆದುಕೊಂಡಳು. ಅವತ್ತು ಮಧ್ಯಾಹ್ನ ಮೈ ಒರೆಸಿದ ಮೇಲೆ ತಮ್ಮನಿಗೆ ನಿದ್ದೆ ಹತ್ತಿತ್ತು. ಎದ್ದಾಗ ಎರಡು ಮಾತು ಬೈಯುತ್ತಾನೆ, ಆಮೇಲೆ ಅವನೇ ಬಳಸುತ್ತಾನೆ ಎಂದುಕೊಂಡು ಅವಳು ಡಿಸ್ಕು ಹಾಕಿದಳು. ಪರದೆ ಏನೇನೋ ಕೇಳಿತು. ಕೇಳಿದ್ದಕ್ಕೆಲ್ಲ ಒಪ್ಪಿಗೆ ಒತ್ತುತ್ತಾ ಹೋದಳು. ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಯೂ ದಿಂಬಿನ ಕವರುಗಳನ್ನು ತಮ್ಮನ ಪಕ್ಕದಲ್ಲೇ ಕೂತು ಕೈಯಲ್ಲಿ ಹೊಲಿದಳು. ಕೊನೆಗೆ ಒಂದು ನೀಲಿ ಸರೋವರದ ಚಿತ್ರ ಬಂತು, ಚೆನ್ನಾಗಿತ್ತು. ತಮ್ಮ ಕಣ್ಣು ಬಿಟ್ಟು ಆ ಸರೋವರವನ್ನು ನೋಡಿದ. ಹೆಬ್ಬೆರಳು ಗುಂಡಿ ಒತ್ತಿತು. ಏನೂ ಆಗಲಿಲ್ಲ.

ಅಕ್ಕ ಮಾಮನ ಪ್ರೋಗ್ರಾಂ ತೆರೆದಳು. ಅದು ಕಿಟಕಿಯ ಹಾಗೆ ತೆರೆದು ತಕ್ಷಣ ಮುಚ್ಚಿಕೊಂಡಿತು. ಮತ್ತೆ ತೆರೆದಳು, ಮತ್ತೆ ಮುಚ್ಚಿತು. ಇಪ್ಪತ್ತು ಸಲವಾದರೂ ಪ್ರಯತ್ನಿಸಿರಬೇಕು. ಅಷ್ಟೂ ಹೊತ್ತು ತಮ್ಮ ಪರದೆಯನ್ನು ನೋಡಲಿಲ್ಲ, ಅಕ್ಕನನ್ನೇ ನೋಡುತ್ತಿದ್ದ.

ಮಾರನೆಯ ದಿನ ಅಂಗಡಿಯಿಂದ ಎಂಜಿನಿಯರ್ ಬಂದ. ಒಳ್ಳೆಯವನೇ. ಪಾಪ, ಬೂಟು ಹೊರಗೆ ಬಿಟ್ಟು, ತಮ್ಮನಿಗೆ ನಮಸ್ಕಾರ ಹೇಳಿ ಕೂತ. ಸ್ವಲ್ಪ ಹೊತ್ತು ನೋಡಿ, “ಈ ಪ್ರೋಗ್ರಾಮಿಗೂ ಹೊಸ ಸಿಸ್ಟಮ್ಮಿಗೂ ಆಗಿಬರಲ್ಲ. ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡಿಬಿಡ್ತೀನಿ, ಅರ್ಧ ಗಂಟೆ ಕೆಲಸ. ಎಲ್ಲದಕ್ಕೂ ಬ್ಯಾಕಪ್ ಇದೆಯಲ್ಲ?” ಎಂದ.

ಬ್ಯಾಕಪ್ ಎಂದರೆ ಹಳೆಯದರ ಇನ್ನೊಂದು ಪ್ರತಿ ಎಂದು ಅಕ್ಕನಿಗೆ ಅಷ್ಟಿಷ್ಟು ಗೊತ್ತಿತ್ತು. ಹಳೆಯ ಪೆಟ್ಟಿಗೆ ಇವರ ಅಂಗಡಿಯಲ್ಲೇ ಕೂತಿದೆಯಲ್ಲ. “ಇದೆ,” ಎಂದಳು.

ಆಗ ಹಾಸಿಗೆಯಿಂದ ಸದ್ದು ಬಂತು, ಟಕ್ ಟಕ್ ಟಕ್. ತಮ್ಮ ಗುಂಡಿ ಒತ್ತುತ್ತಿದ್ದ. ಗುಂಡಿಯ ವೈರನ್ನು ಎಂಜಿನಿಯರ್ ಆಗಲೇ ಬಿಚ್ಚಿ ನೆಲದ ಮೇಲಿಟ್ಟಿದ್ದ. ಕಣ್ಣು ಅಗಲವಾಗಿ ಬಿಟ್ಟುಕೊಂಡು, ಹಣೆಯ ಮೇಲೆ ಬೆವರು ಬಂದರೂ ನಿಲ್ಲಿಸದೆ ಒತ್ತುತ್ತಲೇ ಇದ್ದ.

“ಇರೋ ಮಾರಾಯ, ಅವಸರ ಮಾಡಬೇಡ. ಈಗ ಸರಿಹೋಗುತ್ತೆ,” ಎಂದು ಅಕ್ಕ ಅವನ ಹಣೆ ಒರೆಸಿದಳು.

ಕಂಪ್ಯೂಟರ್ ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗಾಯಿತು. ಅಂದರೆ ಮಾಮನ ಪ್ರೋಗ್ರಾಂ ಇಲ್ಲ, ಒಂಬೈನೂರು ವಾಕ್ಯ ಇಲ್ಲ, ಪೂರ್ತಿ ಖಾಲಿ. ಹಳೆಯದನ್ನು ತರಲೆಂದು ಅಕ್ಕ ಆಟೋ ಹತ್ತಿ ಅಂಗಡಿಗೆ ಓಡಿದಳು. ವಿನಿಮಯಕ್ಕೆ ಬಂದದ್ದನ್ನೆಲ್ಲ ಅದೇ ವಾರ ಬಿಚ್ಚಿ ಬಿಡಿಭಾಗ ಮಾಡಿ ಕಳಿಸಿಬಿಡುತ್ತಾರಂತೆ. ಮಾಮನ ಮನೆಗೂ ಹೋದಳು. ಅವರ ಮಗಳು ಅಟ್ಟವೆಲ್ಲ ಹುಡುಕಿ ಕೈಚೆಲ್ಲಿದಳು. ಮಾಮ ಬರೆದದ್ದೆಲ್ಲ ಹಳೆಯ ಪೆಟ್ಟಿಗೆಯಲ್ಲೇ ಬರೆದದ್ದು, ತಕರಾರಿನ ಹಾಸಿಗೆ ಪಕ್ಕದಲ್ಲೇ ಕೂತು.

ಬೇರೆ ಪ್ರೋಗ್ರಾಮುಗಳಿದ್ದವು. ಆಸ್ಪತ್ರೆಯವರೇ ಒಂದನ್ನು ಹಾಕಿಕೊಟ್ಟರು. ಆದರೆ ಅದಕ್ಕೆ ತಾಳ್ಮೆ ಸಾಲದು, ಹೆಬ್ಬೆರಳು ಏಳುವಷ್ಟರಲ್ಲಿ ಅಕ್ಷರ ಮುಂದಿನ ಸಾಲಿಗೆ ಹೋಗಿರುತ್ತಿತ್ತು. ತಕರಾರು ಮೂರು ವಾರ ಹೆಣಗಾಡಿದ. ಆಮೇಲೆ ಹೆಬ್ಬೆರಳೇ ನಿಂತುಹೋಯಿತು. ಕಾಯಿಲೆ ಯಾರಿಗೂ ಕಾಯುವುದಿಲ್ಲವಲ್ಲ.

ಉಳಿದದ್ದು ರೆಪ್ಪೆ. ಅಕ್ಕ ಒಂದು ರಟ್ಟಿನ ಮೇಲೆ ಅಕ್ಷರ ಬರೆದುಕೊಂಡು ಒಂದೊಂದನ್ನೇ ಬೆರಳಿಟ್ಟು ಓದುವುದು, ಬೇಕಾದ್ದು ಬಂದಾಗ ಅವನು ಮಿಟುಕಿಸುವುದು. ಪ್ರಶ್ನೆ ಕೇಳಿದರೆ ಹೌದು ಎನ್ನಲು ಒಂದು ಸಲ, ಇಲ್ಲ ಎನ್ನಲು ಎರಡು ಸಲ. ಈ ನಿಯಮ ಮಾಡಿದವಳು ಅಕ್ಕನೇ. ಮೊದಲ ದಿನ ರಟ್ಟು ಹಿಡಿದಾಗ, ಬೈಗುಳದ ಮಳೆ ಸುರಿಯುತ್ತದೆ, ಸುರಿಯಲಿ ಎಂದು ತಲೆಯೊಡ್ಡಿ ಕೂತಿದ್ದಳು. ಅವನು ಎರಡೇ ಅಕ್ಷರ ಆರಿಸಿದ. ಬಿಡು.

ಅಷ್ಟೇ. ಅಕ್ಕ ಇನ್ನೂ ಅರ್ಧ ಗಂಟೆ ರಟ್ಟು ಹಿಡಿದೇ ಕೂತಿದ್ದಳು. ಅವನು ಕಣ್ಣು ಮುಚ್ಚಿಕೊಂಡಿದ್ದ. ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು.

ರೆಪ್ಪೆಗೂ ಸುಸ್ತಾಗುತ್ತದೆ. ಅವನು ಎರಡು ಅಕ್ಷರ ಹೇಳುವಷ್ಟರಲ್ಲಿ ಉಳಿದದ್ದನ್ನು ಅಕ್ಕ ಊಹಿಸತೊಡಗಿದಳು. “ನೀರಾ?” ಒಂದು ಮಿಟುಕು. “ಹೊದಿಕೆ ತೆಗೀಲಾ?” ಒಂದು ಮಿಟುಕು. ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತೇನೆ ಎಂದು ಮೊದಮೊದಲು ಅವಳಿಗೆ ಹೆಮ್ಮೆಯೇ ಆಯಿತು. ಒಂದು ದಿನ ಹೊದಿಕೆ ತೆಗೆದ ಮೇಲೆ ಅವನ ಕಾಲು ಮುಟ್ಟಿದರೆ ಮಂಜುಗಡ್ಡೆ. ಪಕ್ಕದಲ್ಲಿ ಕೂತು ಬೇಕೆಂದೇ ಕೇಳಿದಳು.

“ಇವತ್ತು ಗುರುವಾರ ಅಲ್ವೇನೋ?”

ಅವತ್ತು ಸೋಮವಾರ. ಎದುರಿನ ಗೋಡೆಯಲ್ಲೇ ಕ್ಯಾಲೆಂಡರು ನೇತಾಡುತ್ತಿತ್ತು. ತಕರಾರು ಒಂದು ಸಲ ಮಿಟುಕಿಸಿದ.

ಇಪ್ಪತ್ತೆರಡು ವರ್ಷದಲ್ಲಿ ಒಂದು ಅಲ್ಪವಿರಾಮವನ್ನೂ ಬಿಟ್ಟುಕೊಡದವನು. ಅಕ್ಕ ಎದ್ದು ಹೊರಕೋಣೆಗೆ ಬಂದು, ಅಳುವ ಸದ್ದು ಒಳಗೆ ಕೇಳದಿರಲೆಂದು ಬಟ್ಟೆಯಿಲ್ಲದ ಹೊಲಿಗೆ ಯಂತ್ರವನ್ನು ತುಳಿದಳು, ಬಹಳ ಹೊತ್ತು ತುಳಿದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಉಸಿರಾಟ ಕಷ್ಟವಾಯಿತು. ಡಾಕ್ಟರಮ್ಮ ಮನೆಗೇ ಬಂದು ಎದೆ ಪರೀಕ್ಷೆ ಮಾಡಿದರು. ಒಂಬತ್ತು ವರ್ಷದಿಂದ ಅವನನ್ನು ನೋಡಿಕೊಂಡು ಬಂದವರು, ಅವನ ತಗಡಿನ ದನಿಯ ಜೊತೆ ವಾದಕ್ಕಿಳಿದು ಎಷ್ಟೋ ಸಲ ಸೋತು ನಕ್ಕವರು. ಸುತ್ತಿ ಬಳಸದೆ ಹೇಳಿದರು. ಗಂಟಲಿಗೆ ತೂತು ಮಾಡಿ ನಳಿಗೆ ಹಾಕಿ ಉಸಿರಿನ ಯಂತ್ರಕ್ಕೆ ಜೋಡಿಸಿದರೆ ಇನ್ನೊಂದಿಷ್ಟು ವರ್ಷ ಬದುಕಬಹುದು, ಇದೇ ಹಾಸಿಗೆಯಲ್ಲಿ, ಹೀಗೆಯೇ. ಹಾಕದಿದ್ದರೆ ಕೆಲವು ವಾರ. ನೋವಾಗದ ಹಾಗೆ ತಾವು ನೋಡಿಕೊಳ್ಳುತ್ತಾರೆ.

“ಇದನ್ನ ನೀವೇ ಹೇಳಬೇಕು,” ಎಂದು ಅವರು ತಮ್ಮನ ಮುಖದ ಹತ್ತಿರ ಬಗ್ಗಿದರು. “ನಳಿಗೆ ಹಾಕೋದು ಬೇಕಾ?”

ಒಂದು ಮಿಟುಕು.

ಅಕ್ಕನ ಉಸಿರು ಕೆಳಗಿಳಿಯಿತು. ಆದರೆ ಡಾಕ್ಟರಮ್ಮ ಅನುಭವಸ್ಥೆ. ಪ್ರಶ್ನೆಯನ್ನು ತಿರುಗಿಸಿ ಕೇಳಿದರು. “ಹಾಕೋದು ಬೇಡ ಅಂತೀರಾ?”

ಒಂದು ಮಿಟುಕು.

ಅಕ್ಕ ರಟ್ಟು ತಂದು ಅವನ ಮುಂದೆ ಹಿಡಿದಳು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದ ತನಕ ಬೆರಳಿಟ್ಟು ಓದಿದಳು, ಮತ್ತೊಮ್ಮೆ ಓದಿದಳು. ಅವನು ಒಂದನ್ನೂ ಆರಿಸಲಿಲ್ಲ. ಸುಮ್ಮನೆ ಅವಳನ್ನು ನೋಡುತ್ತಿದ್ದ.

“ಹಾಗಾದ್ರೆ ಮನೆಯವರಾಗಿ ನೀವು ಹೇಳಬೇಕಾಗುತ್ತೆ,” ಎಂದರು ಡಾಕ್ಟರಮ್ಮ ಮೆಲ್ಲಗೆ. “ಅವರಿಗೆ ಏನಿಷ್ಟ ಅಂತ ನಿಮಗಿಂತ ಚೆನ್ನಾಗಿ ಬಲ್ಲೋರು ಯಾರು?”

ಅಕ್ಕ ಯೋಚಿಸಿದಳು. ಇವನು ಮೊದಲಿನಂತಿದ್ದಿದ್ದರೆ ಬೇಡ ಎನ್ನುತ್ತಿದ್ದ, ಅದರಲ್ಲಿ ಅನುಮಾನವೇ ಇಲ್ಲ. ಅವನ ಬೇಡ ಎಂದರೆ ಬೇಕು ಎಂದು ಹೇಳಿಬಿಡಬಹುದಿತ್ತು, ಇಷ್ಟು ವರ್ಷ ಹಾಗೇ ಮಾಡಿದ್ದಳು. ಆದರೆ ಹಾಗೆಂದು ಅವಳಿಗೆ ಯಾರು ಹೇಳಿದ್ದು? ಅವನಂತೂ ಹೇಳಿರಲಿಲ್ಲ. ಒಂದೊಂದು ಸಲವೂ ಅವನು ನಿಜವಾಗಿಯೇ ಬೇಡ ಎಂದಿದ್ದರೆ? ಅಕ್ಕನ ಮನಸ್ಸು ನೋಯಿಸಬಾರದೆಂದು ಸುಮ್ಮನಾಗಿದ್ದರೆ? ಅರವತ್ತರ ಹತ್ತಿರ ಬಂದವಳಿಗೆ ಈ ಪ್ರಶ್ನೆ ಇವತ್ತೇ ಮೊದಲ ಬಾರಿಗೆ ಹುಟ್ಟಿತು, ಕೇಳಿ ತಿಳಿದುಕೊಳ್ಳುವ ದಾರಿಯನ್ನು ತನ್ನ ಕೈಯಾರೆ ಮುಚ್ಚಿದ ಮೇಲೆ.

ಅವಳು ತಮ್ಮನ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಒಂದೇ ಒಂದು ಸಲ ಎದುರು ಮಾತಾಡೋ. ನಿನ್ನ ಕಾಲಿಗೆ ಬೀಳ್ತೀನಿ. ನಾನು ತಪ್ಪು ಹೇಳಿದ್ರೆ ಎರಡು ಸಲ ಮಿಟುಕಿಸು, ಈ ಸಲ ಖಂಡಿತ ಕೇಳ್ತೀನಿ.”

ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿದಳು. “ಹಾಕಿ ಅಂತ ಬರ್ಕೊಳ್ಳಿ ಡಾಕ್ಟ್ರೇ. ಅವನಿಗೆ ಬೇಕು ಅಂತ ಬರೀಬೇಡಿ. ನನಗೆ ಅವನಿಲ್ದೆ ಇರೋಕಾಗಲ್ಲ ಅಂತ ಬರ್ಕೊಳ್ಳಿ.”

ಹೇಳಿ ಮತ್ತೆ ಅವನ ಕಣ್ಣನ್ನೇ ನೋಡುತ್ತಾ ಕೂತಳು. ತಕರಾರು ರೆಪ್ಪೆ ಮುಚ್ಚಿ ತೆರೆದ. ಇನ್ನೊಂದು ಬರಬಹುದೆಂದು ಅವಳು ಕಾದಳು. ಡಾಕ್ಟರಮ್ಮನೂ ಪೆನ್ನು ಹಿಡಿದು ಕಾದರು, ಆಮೇಲೆ ಬರೆದುಕೊಂಡರು.