ಸೌದಿಗೆ ಹೋಗಿ ಬಂದ ಕ್ಯಾಸೆಟ್ಟು

ಎಂಬತ್ತೇಳನೆಯ ಇಸವಿ, ಶ್ರಾವಣ ಕಳೆದ ಮೇಲಿನ ಮಂಗಳವಾರ. ಅತನೂರಿನ ಅಂಚೆಯ ನಾಗಣ್ಣ ಹೆಗಲಿಗೆ ಚೀಲವಿಲ್ಲದೆ ಓಣಿಯಲ್ಲಿ ಬರುತ್ತಿದ್ದುದನ್ನು ಕಂಡಾಗಲೇ ಬಸವಂತರಾಯರು ಕಟ್ಟೆಯಿಂದ ಎದ್ದು ನಿಂತರು.

"ರಾಯರ, ಜೇವರ್ಗಿಯಿಂದ ಫೋನ್ ಬಂದಿತ್ರಿ" ಎಂದವನು ಮುಂದಿನ ಮಾತಿಗೆ ಕಟ್ಟೆಯ ಕಂಬ ಹಿಡಿದುಕೊಂಡ.

ತಂಗಿಯ ಮಗಳ ಬಾಣಂತನಕ್ಕೆಂದು ರಾಯರ ಹೆಂಡತಿ ಸುಮಿತ್ರಾಬಾಯಿ ಜೇವರ್ಗಿಗೆ ಹೋಗಿ ನಾಲ್ಕೇ ದಿನವಾಗಿತ್ತು. ಬೆಳಿಗ್ಗೆ ಪೂಜೆಗೆ ಕೂತವಳು ವಿಭೂತಿಯ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಒರಗಿದ್ದಳಂತೆ. ಸಂಜೆಗೆ ಜೀಪಿನಲ್ಲಿ ದೇಹ ಬಂತು. ಹೊಲದಲ್ಲಿ ಸಮಾಧಿಯಾಯಿತು. ರಾಯರ ಕಣ್ಣಲ್ಲಿ ಹನಿ ನೀರಿಲ್ಲ. ಲಿಂಗೈಕ್ಯರಾದವರಿಗೆ ಅಳಬಾರದೆಂದು ಊರಿಗೆಲ್ಲ ಬುದ್ಧಿ ಹೇಳುತ್ತ ಬಂದವರು ಅವರು; ಈಗ ತಾವೇ ಅತ್ತರೆ ಹೇಗೆ?

ಆದರೆ ಐದನೆಯ ದಿನ ಅವರಿಗೊಂದು ಭಯ ಹಿಡಿಯಿತು. ಕಣ್ಣು ಮುಚ್ಚಿದರೆ ಹೆಂಡತಿಯ ಮುಖ ಕಾಣುತ್ತಿತ್ತು, ದನಿ ಮಾತ್ರ ಬರಲೊಲ್ಲದು. ಮೂವತ್ತೆಂಟು ವರ್ಷ ಕೇಳಿದ ದನಿ! ಬಾವಿಗೆ ಬಿದ್ದ ಕೊಡದಂತೆ ಎಲ್ಲಿಯೋ ತಳದಲ್ಲಿ ಇದೆ, ಕೈಗೆ ಸಿಗುವುದಿಲ್ಲ. ಪಕ್ಕದ ಮನೆಯ ಹಜರಾಬಿ ಚಹಾ ತಂದಿಟ್ಟಾಗ ಅವರು ಇದನ್ನೇ ಹೇಳಿಕೊಂಡರು.

"ಆಪಾ, ಅಕೀ ದನಿ ನೆನಪಿಗಿ ಬರವಲ್ದು."

"ಯಾ ಅಲ್ಲಾ! ಸುಮಿತ್ರಾಬಾಯಿ ದನಿ ನನ್ನ ಕ್ಯಾಸೆಟ್ಟಿನಾಗ ಅದ ಅಲ್ರಿ ಅಣ್ಣಾರ!" ಎಂದಳು ಹಜರಾಬಿ. ಎಂದವಳು ಮರುಕ್ಷಣವೇ ಬಾಯಿಗೆ ಸೆರಗು ಹಿಡಿದಳು.

ಹಜರಾಬಿಯ ಮಗ ಶರಫುದ್ದೀನ ಸೌದಿಯಲ್ಲಿ ಡ್ರೈವರ್. ಓದುಬರಹ ಬಾರದ ತಾಯಿಗೆಂದು ಅವನು ಹೋದ ರಜೆಯಲ್ಲಿ ಒಂದು ವಾಕ್‌ಮನ್ ತಂದುಕೊಟ್ಟಿದ್ದ. ಅಂಗೈಗಿಂತ ಸ್ವಲ್ಪ ದೊಡ್ಡದು. ಹಾಡು ಕೇಳುವ ಯಂತ್ರವೇ, ಆದರೆ ಕೆಂಪು ಗುಂಡಿ ಒತ್ತಿದರೆ ಆಡಿದ ಮಾತನ್ನೂ ಹಿಡಿದುಕೊಳ್ಳುತ್ತಿತ್ತು. ತಾಯಿ ಮಾತಾಡಿ ಕ್ಯಾಸೆಟ್ಟು ಕಳಿಸಿದರೆ ಮಗ ಅದನ್ನು ಕೇಳಿ, ಅದರ ಮೇಲೆಯೇ ತನ್ನ ಉತ್ತರ ತುಂಬಿ ತಿರುಗಿ ಕಳಿಸುತ್ತಿದ್ದ. ಬೇರೆ ಕ್ಯಾಸೆಟ್ಟು ಬಳಸಲು ಹಜರಾಬಿ ಒಪ್ಪಿರಲಿಲ್ಲ. "ಈ ಡಬ್ಬಿಗಿ ದಾರಿ ಗೊತ್ತದ. ಹೊಸಾದು ಎಲ್ಲರ ತಪ್ಪಿಸಿಕೊಂಡ್ರ?" ಎನ್ನುವುದು ಅವಳ ವಾದ. ಜೇವರ್ಗಿಗೆ ಹೊರಡುವ ಮುನ್ನಾದಿನ ಸುಮಿತ್ರಾಬಾಯಿಯೂ ಅದರಲ್ಲಿ ಶರಫುದ್ದೀನನಿಗೆ ಎರಡು ಮಾತು ಹೇಳಿದ್ದಳು. ಕ್ಯಾಸೆಟ್ಟು ಆಗಲೇ ಅಂಚೆಗೆ ಬಿದ್ದಿತ್ತು.

ರಾಯರು ಅಂದೇ ಕಾಗದ ಬರೆದರು: 'ಚಿರಂಜೀವಿ ಶರಫುದ್ದೀನನಿಗೆ ಆಶೀರ್ವಾದ. ನಿಮ್ಮ ಕಾಕಿ ಶಿವನ ಪಾದ ಸೇರಿದಳು. ಆಕೆಯ ಮಾತಿರುವ ಕ್ಯಾಸೆಟ್ಟನ್ನು ಅಳಿಸಬೇಡ. ಹಾಗೆಯೇ ಕಳಿಸು.'

ಕಾಗದ ಸಮುದ್ರ ದಾಟುವ ಮೊದಲೇ ಕ್ಯಾಸೆಟ್ಟು ಅಲ್ಲಿಂದ ಹೊರಟಿತ್ತು. ಒಂದು ಮಧ್ಯಾಹ್ನ ಹಜರಾಬಿ ಅದನ್ನು ಕೇಳಿ, ಮಗನ 'ಖುದಾ ಹಾಫಿಜ್' ಬಂದೊಡನೆ ಎಂದಿನಂತೆ ನಿಲ್ಲಿಸಿ, ಕಣ್ಣೊರೆಸಿಕೊಳ್ಳುತ್ತ ರಾಯರ ಕಟ್ಟೆಗೆ ಬಂದಳು.

"ಮಾಫ್ ಮಾಡ್ರಿ ಅಣ್ಣಾರ. ನಿಮ್ಮ ಕಾಗದ ಮುಟ್ಟಿಲ್ಲ. ಅವ ಮ್ಯಾಲೆ ಮಾತಾಡಿಬಿಟ್ಟಾನ."

ರಾಯರು ಅವಳ ಕೈಯಲ್ಲಿದ್ದ ಯಂತ್ರವನ್ನೇ ನೋಡಿದರು. ಆಮೇಲೆ, "ಅದಕ್ಕ ಅಂವ ಏನ್ ಮಾಡ್ತಾನ? ಹುಡುಗ ಸುಖದಾಗ ಅದಾನೋ ಇಲ್ಲೋ, ಅದನ್ನರ ಕೇಳ್ತೇನಿ, ಕೊಡ್ರಿ" ಎಂದರು.

ಹಜರಾಬಿ ಕ್ಯಾಸೆಟ್ಟಿನ ಪಟ್ಟಿಯನ್ನು ಮೊದಲಿನ ತುದಿಗೆ ಸುತ್ತಿ, ಅವರ ಕಿವಿಗೆ ಹೆಡ್‌ಫೋನು ಇಟ್ಟು, ಗುಂಡಿ ಒತ್ತಿ ಒಳಗೆ ಹೋದಳು. ಶರಫುದ್ದೀನ ಮನೆಯ ಉರ್ದುವಿನಲ್ಲಿ ತಾಯಿಯನ್ನು ವಿಚಾರಿಸಿದ; ನಡುವೆ ಕನ್ನಡಕ್ಕೆ ತಿರುಗಿ, "ಕಾಕೀ, ನೀವು ಹೇಳಿದಂಗ ಬರೋ ವರ್ಷ ಲಗ್ನ ಆಗ್ತೇನ್ರಿ. ನೀವೇ ಮುಂದ ನಿಂತು ಮಾಡಬೇಕು" ಎಂದ. 'ಖುದಾ ಹಾಫಿಜ್' ಹೇಳಿ ಮಾತು ಮುಗಿಸಿದ. ಯಂತ್ರವನ್ನು ನಿಲ್ಲಿಸುವ ಗುಂಡಿ ಯಾವುದೆಂದು ರಾಯರಿಗೆ ತಿಳಿಯದು. ಮುಟ್ಟಿದರೆ ಏನು ಕೆಡುವುದೋ ಎಂದು ಕೈಕಟ್ಟಿ ಕೂತರು. ಟಕ್ಕೆಂದು ಒಂದು ಸದ್ದಾಯಿತು. ಬಳಿಕ ಕಿವಿಯೊಳಗೇ ಯಾರೋ ಬಂದು ಕೂತಂತೆ,

"ಮುಗೀತೇನ ಹಜರಾ? ಇನ್ನ ಜೋರಾಗಿ ಮಾತಾಡಬಹುದಿಲ್ಲೋ?"

"ಮುಗೀತು ಬೇ. ನೀ ಯಾವಾಗ ಸಣ್ಣಾಗಿ ಮಾತಾಡಿದಿ?"

ಇಬ್ಬರೂ ನಕ್ಕರು. ತಾಯಿಯ ಮಾತು ಉದ್ದ, ಮಗನ ಉತ್ತರ ಗಿಡ್ಡ. ಅಳಿಯದೆ ಉಳಿದ ತುದಿ ಅದು.

"ನಾ ಬರೋತನಕ ನಮ್ಮನಿಯವರ ಕಡೀ ಕಣ್ಣಿಡವಾ. ಪುಂಡಿಪಲ್ಯ ಇದ್ರ ಮೂರು ರೊಟ್ಟಿ ತಿಂತಾರ. ಇಲ್ಲಂದ್ರ ಹೊಟ್ಟಿ ತುಂಬೇದ ಅಂತ ಎದ್ದುಬಿಡ್ತಾರ. ಊರಿಗೆಲ್ಲಾ ಸುಳ್ಳು ಹೇಳಬ್ಯಾಡ್ರಿ ಅಂತಾರ, ತಾಟಿನ ಮುಂದ ಕುಂತ್ರ ಇವರಂಥ ಸುಳ್ಳಗಾರರಿಲ್ಲ! ಮತ್ತ ಆ ಕೆಂಪು ಆಕಳಕ್ಕ—"

ಅಲ್ಲಿಗೆ ಪಟ್ಟಿ ಮುಗಿದಿತ್ತು.

ಹಜರಾಬಿ ಹೊರಬಂದಾಗ ರಾಯರು ನಗುತ್ತಿದ್ದರು, ಗಡ್ಡದಿಂದ ನೀರಿಳಿಯುತ್ತಿತ್ತು.

"ಏನಾತ್ರಿ? ಅಂವ ಏನರ ಅಂದನೇನು?"

"ಅಂವ ಅಲ್ಲ ಆಪಾ. ನಾ ಸುಳ್ಳಗಾರ ಅಂತ. ಅಕೀನೇ ಅಂದ್ಳು."

ಹಜರಾಬಿ ತಾನೂ ಅದನ್ನು ಕಿವಿಗಿಟ್ಟು ಕೇಳಿದಳು. "ಹಾಯ್ ಅಲ್ಲಾ, ಅವತ್ತ ನಾ ಬಂದ್ ಮಾಡೋದೇ ಮರ್ತಿದ್ದೆ!" ಎಂದು ಹಣೆ ಬಡಿದುಕೊಂಡು, ಕ್ಯಾಸೆಟ್ಟು ತೆಗೆದು ಅವರ ಕೈಗಿಟ್ಟಳು. "ಇದು ನಿಮ್ಮದು, ಇಟ್ಟುಕೋರಿ."

"ಬ್ಯಾಡ ಆಪಾ. ನಿಮ್ಮ ಮಗನ ದನೀನೂ ಇದರಾಗ ಅದ."

ಹಜರಾಬಿ ಕ್ಯಾಸೆಟ್ಟನ್ನು ಹಿಂದಕ್ಕೆ ತೆಗೆದುಕೊಂಡಳು. ಒಳಗಿಂದ ಈಳಿಗೆ ತಂದು, ಶರಫುದ್ದೀನ ಹಿಂದೊಮ್ಮೆ ತೋರಿಸಿಕೊಟ್ಟಿದ್ದಂತೆ, ಕ್ಯಾಸೆಟ್ಟಿನ ಬೆನ್ನಿಗಿದ್ದ ಎರಡು ಸಣ್ಣ ಚೂರುಗಳನ್ನು ಮುರಿದಳು. ಇನ್ನು ಅದರ ಮೇಲೆ ಯಾರೂ ಏನನ್ನೂ ತುಂಬಲಾರರು.

"ಈ ಡಬ್ಬಿ ಇನ್ನ ಎಲ್ಲಿಗೂ ಹೋಗಂಗಿಲ್ಲ. ಇಬ್ಬರೂ ಮನ್ಯಾಗೇ ಇರಲಿ. ನೀವು ಬೇಕಾದಾಗ ಬರ್ರಿ."

ಮರುದಿನ ರಾಯರು ಅಫಜಲಪುರಕ್ಕೆ ಹೋಗಿ ಹೊಸ ಕ್ಯಾಸೆಟ್ಟು ತಂದರು. ಹಜರಾಬಿ ಮಗನಿಗೆ ತನ್ನ ಮಾತು ಹೇಳಿ ಯಂತ್ರವನ್ನು ಅವರ ಮುಂದೆ ಹಿಡಿದಳು. ರಾಯರು ರುಮಾಲು ಸರಿಮಾಡಿಕೊಂಡು, ಎದೆಯ ಲಿಂಗದ ಮೇಲೆ ಕೈಯಿಟ್ಟರು.

"ಶರಫುದ್ದೀನಾ, ನನ್ನ ಕಾಗದ ಮುಟ್ಟಿರಬೇಕು. ಅಕೀ ಸಲುವಾಗಿ ನೀನೂ ದುವಾ ಮಾಡಪಾ, ನಿಮ್ಮವ್ವನೂ ಇಲ್ಲೇ ಕೈ ಎತ್ತ್ಯಾಳ. ಶಿವನೇ, ಸುಮಿತ್ರಾಗ ಜೀವಮಾನದಾಗ ಸುಮ್ಮ ಕುಂತು ಗೊತ್ತಿಲ್ಲ. ಈಗರ ಅಕೀನ್ನ ನಿನ್ನ ಹತ್ತರ ಕೂಡಿಸಿಕೋ. ಅಕೀ ದಣಿವು ಆರಸು. ನನ್ನಿಂದ ನೊಂದಿದ್ದೇನರ ಇದ್ರ ಮರಿಸು. ನಿನ್ನ ಪಾದದ ನೆರಳಿನಾಗ ಅಕೀ ಆತ್ಮಕ್ಕ ಶಾಂತಿ ಕೊಡು, ನನ್ನಪ್ಪಾ, ಶಾಂತಿ ಕೊಡು."