ನಿಲ್ಲದ ಕೆಂಪು ಅಂಕಿ

ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಅಲುಗಿತು, ನಾಲ್ಕಿದ್ದದ್ದು ಐದು, ಐದು ಮತ್ತೆ ನಾಲ್ಕು, ಕೊನೆಯ ಸೊನ್ನೆ ಮಾತ್ರ ತನಗೇನೂ ಸಂಬಂಧವಿಲ್ಲವೆಂಬಂತೆ ತೆಪ್ಪಗಿದೆ, ತೂಕ ತೋರುವ ಡಬ್ಬಿಯೊಳಗಿನ ಈ ಕೆಂಪು ಅಂಕಿಗಳನ್ನೇ ದಿಟ್ಟಿಸಿ ದಿಟ್ಟಿಸಿ ಭವ್ಯಳ ಕಣ್ಣಲ್ಲಿ ನೀರು, ಧೂಳಿಗೂ ಇರಬಹುದು, ಸಂಡೂರಿನ ಅದಿರು ಯಾರ್ಡಿನಲ್ಲಿ ಅಳುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ — ಕಿಟಕಿಯಾಚೆ ಲಾರಿ ತೂಗುವ ಕಾಟಾದ ತಗಡಿನ ಮೇಲೆ ತುಂಬಿದ ಲಾರಿ, ಇಂಜಿನ್ ಗುರುಗುಟ್ಟುತ್ತಲೇ ಇದೆ, ಅದರ ಹಿಂದೊಂದು ಲಾರಿ, ಅದರ ಹಿಂದೆ ಕೆಂಪು ಧೂಳು, ಧೂಳಿನೊಳಗೆ ಬರೀ ಹಾರನ್ನು. ಆಫ್ ಮಾಡ್ರಿ ಅಣ್ಣಾ ಅಂದರೆ ಡ್ರೈವರ್ ಉಚ್ಚೆಂಗೆಪ್ಪ ತಲೆ ಹೊರಹಾಕಿ, ಸೆಲ್ಫ್ ತಗಳಂಗಿಲ್ರಿ ಮೇಡಂ, ಆಫ್ ಮಾಡಿದ್ರ ಇಲ್ಲೇ ಮನಿ ಮಾಡ್ಕಂಡು ಕುಂದ್ರತೈತಿ, ಆಮ್ಯಾಲ ನೀವು ದಬ್ತೀರೇನು, ಅನ್ನುತ್ತಾನೆ, ಹಿಂದೆ ನಿಂತ ಮ್ಯಾನೇಜರ್ ಶಂಭುಲಿಂಗ, ನೋಡಮ್ಮಾ, ಬಂದರಿನಾಗ ಹಡಗು ಕಾಯಾಕತ್ತೈತಿ, ಊಟದ ತನಕ ನೋಡ್ತೀನಿ, ಆಗ್ಲಿಲ್ಲಂದ್ರ ನಿನ್ ವೈರ್ ಕಿತ್ತು ಚೀಟಿ ಕೈಲೆ ಬರಸ್ತೀನಿ, ಅಂದು ಗಡಿಯಾರ ನೋಡುತ್ತಾನೆ, ಹಡಗು ಕಾಯಬಹುದಂತೆ, ಶಂಭುಲಿಂಗ ಕಾಯುವುದಿಲ್ಲವಂತೆ.

ಡಬ್ಬಿಯಿಂದ ವೈರು ಎಳೆದ ಕಂಪ್ಯೂಟರಿನ ಪರದೆಯ ಮೇಲೆ ಪ್ಲೀಸ್ ವೇಟ್, ಬರೆದವಳೇ ಅವಳು, ಈಗ ಕಾಯುವವಳೂ ಅವಳೇ. ಸತತ ಮೂರು ಸಲ ಅದೇ ತೂಕ ಬಂದರೆ ಲಾರಿ ನಿಂತಿದೆ, ತೂಕ ಹಿಡಿ, ಚೀಟಿ ಮುದ್ರಿಸು — ಎಂಥ ಚೆಂದದ ನಿಯಮ, ಹೊಸಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಎಷ್ಟು ಚೆಂದ ನಡೆದಿತ್ತು, ಅಲ್ಲಿಗೆ ಕಾಟಾ ಎಲ್ಲಿಂದ ತರುವುದು, ಎರಡು ಕಂಪ್ಯೂಟರಿಗೆ ವೈರು ಜೋಡಿಸಿ ಆಚೆ ಜೊತೆಯ ಪರಶುರಾಮಣ್ಣ ಕೂತು ತೂಕ ಕುಟ್ಟುತ್ತಿದ್ದ, ಈಚೆ ಚೀಟಿ ಬರುತ್ತಿತ್ತು, ನೋಡವಾ ನನ್ ಲಾರಿ ಎಷ್ಟು ಶಿಸ್ತು ಅಂತ ಮೀಸೆ ತಿರುವಿದ್ದ, ಶಿಸ್ತೇ, ಅವನ ಬೆರಳಿಗೆ ಇಂಜಿನ್ನಿನ ನಡುಕ ಇರಲಿಲ್ಲವಲ್ಲ. ಇದು ನಡೆದರೆ ಮುಂದೆಯೂ ಪ್ರೋಗ್ರಾಂ ಬರೆಯುವ ಕೆಲಸ, ನಡೆಯದಿದ್ದರೆ ನಾಳೆಯಿಂದ ಮತ್ತೆ ಎಂಎಸ್ ವರ್ಡ್ ಕ್ಲಾಸು, ಮಕ್ಕಳೇ, ಇದು ದಪ್ಪ ಅಕ್ಷರ, ಇದು ಓರೆ ಅಕ್ಷರ — ಓರೆಯಾಗಿ ಬದುಕು ಮುಗಿಯುತ್ತದೆ.

ಹಾರನ್ನು. ಪರಶುರಾಮಣ್ಣನಿಗೆ ಫೋನ್ ಮಾಡಲೇ, ಅವನು ಎಫ್ ಒನ್ ಒತ್ತು ಅನ್ನುತ್ತಾನೆ, ಅವನ ಗುರು, ದೈವ, ಎಲ್ಲವೂ ಅದು ತೆರೆಯುವ ವೀಬಿಯ, ಅಂದರೆ ವಿಶುವಲ್ ಬೇಸಿಕ್ಕಿನ, ಹೆಲ್ಪ್ ಫೈಲೇ, ಹಂಪಿಯ ಗೆಸ್ಟ್‌ಹೌಸುಗಳ ಬಿಲ್ಲಿನ ಪ್ರೋಗ್ರಾಂ ಪೂರ್ತಿ ಅದರಿಂದಲೇ ಎತ್ತಿದ್ದು, ಯಾವನೋ ಟೂರಿಸ್ಟು ಪುಕ್ಕಟೆ ಕೊಟ್ಟ ಲಿನಕ್ಸ್ ಸೀಡಿ ಮಾತ್ರ ಈಗ ಅವರ ಬಾಳೆತೋಟದಲ್ಲಿ ಹಕ್ಕಿ ಬೆದರಿಸುತ್ತದೆ. ಬಸವಕುಮಾರನಿಗೆ ಮಾಡಿದರೆ, ನಾ ಅವತ್ತs ಹೇಳಿದ್ದೆ ಜಾವಾದಾಗ ಬರಿ ಅಂತ, ಅನ್ನುತ್ತಾನೆ, ಕಂಪ್ಲಿಯ ರೈಸ್‌ಮಿಲ್ಲಿನವರ ಮಗ, ಕಂಪ್ಯೂಟರ್ ಕೋರ್ಸುಗಳ ಅಮೀರ್‌ಪೇಟೆಯಿಂದ ಜೆರಾಕ್ಸ್ ಪುಸ್ತಕ ತಂದಿದ್ದಾನೆ, ನಡುವೆ ಒಂದಷ್ಟು ಪುಟ ತಲೆಕೆಳಗಾಗಿ ಹೊಲಿದುಹೋಗಿವೆ, ಅಲ್ಲಿಗೆ ಬಂದಾಗ ಪುಸ್ತಕ ತಿರುಗಿಸುತ್ತಾನೆ, ಅಭಿಪ್ರಾಯ ತಿರುಗಿಸುವುದಿಲ್ಲ. ಲೇ ಬಸ್ಯಾ, ನಿನ್ ಜಾವಾ ಎದ್ದು ಕುಂದ್ರೂದ್ರೊಳಗ ನಾ ಎರಡು ಪ್ಲೇಟ್ ಮಿರ್ಚಿ ತಿಂತೀನಲೇ, ಅನ್ನುತ್ತಾನೆ ಪರಶುರಾಮಣ್ಣ. ತಿನ್ನಲೇ, ನಿನ್ ವೀಬಿ ಸತ್ತಾಗ ತಿಥಿ ಊಟಾನೂ ತಿನ್ನು. ಸೆಂಟರಿನ ಮುಂದಿನ ಚಹಾದಂಗಡಿ ಬೆಂಚಿನ ಮೇಲೆ ಇವರಿಬ್ಬರೂ ಒಂದು ದಿನವೂ ಒಂದೇ ಮಾತಾಡಿದ್ದಿಲ್ಲ, ಈ ಕಾಟಾದ ಕೆಲಸ ಎಷ್ಟು ದಿನ ಹಿಡೀತದೆ ಅಂತ ಕೇಳಿದಾಗಲೂ, ಒಂದ್ ವಾರ ಸಾಕವಾ ಅಂದ ಪರಶುರಾಮಣ್ಣ, ವಾರದಾಗ ಏನಾಗ್ತೈತಿ, ಹದಿನೈದು ದಿನ ಬೇಕು ಅಂದ ಬಸವಕುಮಾರ, ಅವರು ಒಪ್ಪಲಿ ಅಂತ ಕಾದಿದ್ದರೆ ಅವಳಿನ್ನೂ ಅಲ್ಲೇ ಚಹಾ ಕುಡಿಯುತ್ತಿದ್ದಳು, ಕಾಯಲಿಲ್ಲ, ಇಬ್ಬರ ನಡುವಿನದೊಂದನ್ನು ಹಿಡಿದು ಶಂಭುಲಿಂಗನಿಗೆ ಹೇಳಿದಳು, ಅದೇ ಸರಿಹೋಯಿತು —

ಕಾಯಲಿಲ್ಲ. ನಡುವಿನದು ಹಿಡಿದಳು.

ಏನಮ್ಮಾ, ಕೀಳಾಕ ಹೇಳ್ಲೇನು ವೈರ್, ಅನ್ನುತ್ತಿದ್ದಾನೆ ಶಂಭುಲಿಂಗ, ಎರಡ್ ನಿಮಿಷ ಸರ್, ಬೆರಳು ಆಗಲೇ ಕೀಲಿಮಣೆಯ ಮೇಲೆ, ಕೀಲಿಗಳ ಮೇಲೆ ಕೆಂಪು ಧೂಳು, ಒಂದೇ ಆಗಿರಬೇಕೆಂದು ಯಾಕೆ ಹಠ, ಕಳೆದ ಕೆಲವು ತೂಕಗಳಲ್ಲಿ ಹೆಚ್ಚಿನದಕ್ಕೂ ಕಡಿಮೆಯದಕ್ಕೂ ಒಂದೇ ಅಂಕಿಯ ಅಂತರವಿದ್ದರೆ ಲಾರಿ ನಿಂತ ಹಾಗೆಯೇ, ಅವನ್ನು ಏರಿಕೆಯಲ್ಲಿ ಸಾಲಾಗಿಟ್ಟು ನಡುವಿನದನ್ನು ಹಿಡಿ, ಹಳೆಯ ಸಾಲು ಅಳಿಸಿದಳು, ಎಷ್ಟು ಚೆಂದದ ಸಾಲು, ಹೊಸದು ಅಷ್ಟು ಚೆಂದವಿಲ್ಲ, ಬಸವಕುಮಾರ ನೋಡಿದರೆ ಇದೇನ್ ಗೊಬ್ಬರಾ ಅನ್ನುತ್ತಾನೆ, ಅನ್ನಲಿ, ಪ್ರೋಗ್ರಾಂ ಓಡಿಸಲು ಎಫ್ ಫೈವ್ ಒತ್ತಿದಳು, ಪ್ಲೀಸ್ ವೇಟ್, ನಾಲ್ಕು, ಐದು, ನಾಲ್ಕು, ನಾಲ್ಕು — ಪ್ರಿಂಟರ್ ಕಿರ್ರೋ ಎಂದು ಕಿರುಚಿತು, ಇಷ್ಟು ಇಂಪಾಗಿ ಏನಾದರೂ ಕಿರುಚಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಶಂಭುಲಿಂಗ ಚೀಟಿ ಹರಿದು ಬೆಳಕಿಗೆ ಹಿಡಿದ, ಕೆಂಪು ಅಂಕಿ ನೋಡಿದ, ಚೀಟಿ ನೋಡಿದ, ಕಿಟಕಿಯಿಂದ ಬಗ್ಗಿ, ಲೇ, ಮುಂದಿನ್ದು ಬಿಡ್ರಲೇ, ಅಂದ. ಉಚ್ಚೆಂಗೆಪ್ಪ ಲಾರಿ ಇಳಿಸಿಕೊಂಡು ಹೋದ, ಕಾಟಾ ಖಾಲಿ, ಇನ್ನೊಂದು ಲಾರಿ ಗುರುಗುಟ್ಟುತ್ತಾ ಹತ್ತಿತು, ಇದೂ ಆಫ್ ಮಾಡುವುದಿಲ್ಲ, ಬ್ಯಾಡ, ಮಾಡುವುದೇ ಬ್ಯಾಡ, ಅವಳು ಕುರ್ಚಿ ಮುಂದಕ್ಕೆಳೆದುಕೊಂಡಳು, ಡಬ್ಬಿಯೊಳಗೆ ಕೆಂಪಗೆ ಎಂಟು, ಏಳು, ಎಂಟು, ನಡುಗುತ್ತಲೇ ಇದೆ, ಎಂಟು —